ಮಾಗಿಯ ನೀರಿನ ಲೆಕ್ಕ

ಬೆಂಗಳೂರಿಗೆ ನದಿಯಿಲ್ಲ ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ ಅದನ್ನು ಒರೆಗೆ ಹಚ್ಚಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ದಂಡು ಪ್ರದೇಶದ (ಕಂಟೋನ್ಮೆಂಟಿನ) ದಿಣ್ಣೆಯಿಂದ ಪೂರ್ವಕ್ಕೆ ಬಿದ್ದ ಮಳೆ ಹಲಸೂರು ಕೆರೆಗೆ ಇಳಿಯುತ್ತದೆ. ಅಲ್ಲಿ ಕೋಡಿ ಬಿದ್ದರೆ ದೊಮ್ಮಲೂರು, ಚಲ್ಲಘಟ್ಟಗಳ ತಗ್ಗು ಹಿಡಿದು ಬೆಳ್ಳಂದೂರಿಗೆ, ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಉತ್ತರದ ಕವಲು ಹೆಬ್ಬಾಳ, ನಾಗವಾರಗಳಿಂದ ಹೊರಟು ಕಲ್ಕೆರೆ, ರಾಂಪುರಗಳನ್ನು ದಾಟಿ, ಕೆ.ಆರ್. ಪುರದ ಆಚೆ ಹಳೇ ಮದ್ರಾಸ್ ರಸ್ತೆಯ ಪಕ್ಕದ ಎಲೆಮಲ್ಲಪ್ಪ ಶೆಟ್ಟಿ ಕೆರೆಯಲ್ಲಿ ನಿಂತು, ಅದೇ ಪಿನಾಕಿನಿಯನ್ನು ಕೂಡುತ್ತದೆ. ಇದು ನದಿಯ ತಲೆಯೇ. ಹಳಬರು ಅದನ್ನು ಹರಿಯಲು ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕೆರೆ ಕಟ್ಟಿ ನಿಲ್ಲಿಸಿದ್ದರಿಂದ ನದಿಯ ಹೆಸರು ಕೆರೆಗಳ ಹೆಸರಿನಲ್ಲಿ ಕರಗಿಹೋಯಿತು. ಹೀಗೆ ನಿಲ್ಲಿಸಿದ ನೀರು ಎಷ್ಟಿದೆ, ನೆಲದೊಳಗೆ ಎಷ್ಟು ಇಳಿದಿದೆ, ಬೇಸಿಗೆಯವರೆಗೆ ಎಷ್ಟು ಬಾಳುತ್ತದೆ ಎಂದು ಮಳೆ ನಿಂತ ಮೇಲೆ, ಮಾಗಿಯ ಚಳಿಯಲ್ಲಿ, ನೋಡಿ ತೂಗುವ ಕೆಲಸ ಈ ಸೀಮೆಯಲ್ಲಿ ಹೇಗೆ ನಡೆದುಬಂತು, ಎಲ್ಲಿ ಕೆಟ್ಟಿತು ಎಂಬುದೇ ಇಲ್ಲಿನ ವಿಚಾರ. ಅಳತೆಯ ಉಪಕರಣ ಇಲ್ಲದ್ದರಿಂದ ಅದು ಕೆಡಲಿಲ್ಲ. ನೀರನ್ನು ನೋಡುವವನ ಮಾತಿಗೂ ನೀರನ್ನು ಹಂಚುವ ತೀರ್ಮಾನಕ್ಕೂ ಇದ್ದ ನಂಟು ಕಡಿದದ್ದರಿಂದ ಕೆಟ್ಟಿತು ಎಂಬುದು ನನ್ನ ವಾದ.

ಮಾಗಿಯೇ ಏಕೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಮುಂಗಾರಿನ ಬಾಲ, ಹಿಂಗಾರಿನ ತಲೆ ಅಲ್ಲಿ ಸೇರುತ್ತವೆ. ನವೆಂಬರ್ ಕಳೆದರೆ ಮಾರ್ಚ್‌ವರೆಗೆ ಹೇಳಿಕೊಳ್ಳುವಂಥ ಮಳೆಯಿಲ್ಲ. ಮಳೆಗಾಲದಲ್ಲಿ ಕಾಲುವೆಯಲ್ಲಿ ಹರಿಯುವ ನೀರು ಆಕಾಶದ ಸುದ್ದಿ ಹೇಳುತ್ತದೆ, ನೆಲದ ಸುದ್ದಿಯನ್ನಲ್ಲ. ಮಳೆ ನಿಂತು ಮೂರು ನಾಲ್ಕು ವಾರವಾದ ಮೇಲೂ ಹಳ್ಳದ ತಳದಲ್ಲಿ ನೀರು ಒಸರುತ್ತಿದ್ದರೆ ಅದು ನೆಲ ತಾನು ಕುಡಿದದ್ದನ್ನು ನಿಧಾನವಾಗಿ ಬಿಟ್ಟುಕೊಡುತ್ತಿರುವ ನೀರು. ಬಾವಿಯ ಕಥೆಯೂ ಹಾಗೆಯೇ. ಈ ನೆಲದ ಅಡಿಯಲ್ಲಿರುವುದು ನೈಸ್ ಶಿಲೆ. ಮೇಲೆ ಕೊಳೆತು ಮಣ್ಣಾದ ಪದರ, ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ಮೇಲಿನ ಪದರ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಬಿರುಕುಗಳು ಅದನ್ನು ಕೆಳಕ್ಕೆ ಒಯ್ಯುತ್ತವೆ. ಮಳೆ ಮುಗಿದ ಹೊತ್ತಿಗೆ ಬಾವಿ ವರ್ಷದ ಅತಿ ಎತ್ತರಕ್ಕೆ ಏರಿರುತ್ತದೆ, ಅಲ್ಲಿಂದ ಇಳಿತ. ನವೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆದರೆ ಎರಡರ ನಡುವಿನ ವ್ಯತ್ಯಾಸವೇ ಊರು ಎಷ್ಟು ಬೇಗ ತನ್ನ ಗಂಟು ಕರಗಿಸುತ್ತಿದೆ ಎಂಬುದನ್ನು ಹೇಳುತ್ತದೆ. ಕೊರತೆ ಕಣ್ಣಿಗೆ ಬೀಳುವುದು ಮೇ ತಿಂಗಳಲ್ಲಲ್ಲವೇ, ಆಗ ಅಳೆದರೆ ಸಾಲದೇ ಎಂದು ಕೇಳಬಹುದು. ಮೇ ತಿಂಗಳ ಅಳತೆ ಆಗಿಹೋದದ್ದರ ವರದಿ. ಏನಾದರೂ ಮಾಡಲು ಇನ್ನೂ ಕಾಲವಿರುವಾಗ ಕೈಯಲ್ಲಿ ಎಷ್ಟಿದೆ ಎಂದು ತಿಳಿಸುವುದು ಮಾಗಿಯ ಅಳತೆ ಮಾತ್ರ.

ಹಳ್ಳಿಗಳ ವ್ಯವಹಾರ ಈ ತಿಳಿವಳಿಕೆಯ ಮೇಲೆಯೇ ನಿಂತಿತ್ತು. ಬೆಳ್ಳಂದೂರಿನ ಮಗ್ಗುಲಿನ ಅಗರದಲ್ಲಿ ಗಂಗರ ಕಾಲದ, ಸುಮಾರು 870ರ ಶಾಸನವಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ ಮೂಡಣ ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟ (ಕೆರೆಯ ಕೆಲಸಕ್ಕೆ ಕೊಡುವ ಮಾನ್ಯ) ಬಿಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಇಂದಿನ ಎಚ್‌ಎಎಲ್ ಆಚೆಯ ವಿಭೂತಿಪುರದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1307ರ ತಮಿಳು ಶಾಸನವಿದೆ. ಕಾಡು ಕಡಿದು, ನೆಲ ಹದಮಾಡಿ, ಕೆರೆ ಕಟ್ಟಿ ಊರು ನಿಲ್ಲಿಸಿದ ವಿಷಯ ಅದರದ್ದು. ಅಗರದ ಶಾಸನ ಏರಿಯ ಉದ್ದಗಲವನ್ನು ಬಿಟ್ಟು ತೂಬನ್ನು ಹೆಸರಿಸುತ್ತದೆ ಎಂಬುದನ್ನು ಗಮನಿಸಬೇಕು. ಏರಿ ನೀರನ್ನು ನಿಲ್ಲಿಸುತ್ತದೆ, ತೂಬು ನೀರನ್ನು ಹಂಚುತ್ತದೆ. ಹಂಚಿಕೆಯಿಲ್ಲದ ಕೆರೆಗೆ ಬಿತ್ತುವಟ್ಟವೂ ಇಲ್ಲ, ಶಾಸನವೂ ಇಲ್ಲ. ಆ ತೂಬಿನ ಬಾಯಿ ಕಾಯುವವನು ನೀರುಗಂಟಿ. ಹಳ್ಳಿಯ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನಿಗೆ ಆಯ ಸಲ್ಲುತ್ತಿತ್ತು. ತೂಬಿನ ಕಲ್ಲುಕಂಬಗಳ ಮೇಲೆ ನೀರು ಎಲ್ಲಿಯವರೆಗೆ ಏರಿದೆ ಎಂಬುದೇ ಅವನ ಅಳತೆಗೋಲು. ಕಾರ್ತಿಕ ಮುಗಿದು ಮಾರ್ಗಶಿರ ಕಾಲಿಟ್ಟಾಗ ಆ ಮಟ್ಟ ನೋಡಿ, ಅಚ್ಚುಕಟ್ಟಿನ ಬಾವಿಗಳಲ್ಲಿ ಎಷ್ಟು ಆಳು ನೀರಿದೆ ಎಂದು ನೋಡಿ, ವೈಶಾಖದ ಫಸಲಿಗೆ ಎಷ್ಟು ಗದ್ದೆಗೆ ನೀರು ಬಿಡಬಹುದು ಎಂದು ಊರು ಗೊತ್ತುಮಾಡುತ್ತಿತ್ತು. ಅರ್ಧ ಕೆರೆಯಿದ್ದರೆ ಏರಿಯ ಕೆಳಗಿನ ಗದ್ದೆಗಳಿಗೆ ಮಾತ್ರ ಭತ್ತ, ಉಳಿದದ್ದಕ್ಕೆ ರಾಗಿ ಇಲ್ಲವೇ ಬೀಳು. ಅಂಕಿಯಲ್ಲಿ ನೋಡಿದರೆ ಒರಟು ಲೆಕ್ಕವೇ. ಆದರೆ ಅಳತೆಯಾದ ಮರುದಿನವೇ ತೂಬು ಅದಕ್ಕೆ ತಕ್ಕಂತೆ ತೆರೆಯುತ್ತಿತ್ತು ಅಥವಾ ಮುಚ್ಚುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳುವಾಗ ಎದುರಾಗುವ ಆಕ್ಷೇಪಣೆ ಹಗುರವಾದದ್ದಲ್ಲ. ನೀರುಗಂಟಿ ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳವನು. ಊರಿನ ನೀರೆಲ್ಲ ಅವನ ಕೈಯಲ್ಲಿದ್ದರೂ ಊರ ಬಾವಿಗೆ ಹಗ್ಗ ಇಳಿಬಿಡುವ ಹಕ್ಕು ಅವನ ಮನೆಯವರಿಗೆ ಇರಲಿಲ್ಲ. ಅವನು ನೋಡಿ ಹೇಳಿದರೂ ಕೊನೆಯ ತೀರ್ಮಾನ ಗೌಡ, ಶಾನುಭೋಗ, ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರರದ್ದು. ಅಚ್ಚುಕಟ್ಟಿನ ತುದಿಯ ಬಡ ಗದ್ದೆಗೆ ನೀರು ತಲುಪದ ವರ್ಷಗಳು ಅನೇಕ. ಇದನ್ನು ಮುಚ್ಚಿಟ್ಟು ಹಳೆಯ ಕೆರೆಗಳ ಬಗ್ಗೆ ಮೃದುವಾಗಿ ಬರೆಯುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಆ ವ್ಯವಸ್ಥೆಯನ್ನು ಮರಳಿ ತರಬೇಕೆಂದು ನಾನು ಹೇಳುತ್ತಲೂ ಇಲ್ಲ. ನಾನು ಎತ್ತಿ ತೋರಿಸುತ್ತಿರುವುದು ಅದರ ಒಂದು ಗುಣವನ್ನು: ನೋಟ, ಮಾತು, ತೀರ್ಮಾನ ಮೂರೂ ಒಂದೇ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದವು. ತೀರ್ಮಾನ ಅನ್ಯಾಯವಾಗಿದ್ದರೂ ಅಜ್ಞಾನದಿಂದ ಆಗುತ್ತಿರಲಿಲ್ಲ. ಅನ್ಯಾಯವನ್ನು ಕಾನೂನಿನಿಂದ ತಿದ್ದಬಹುದಾಗಿತ್ತು. ನಡೆದದ್ದು ಬೇರೆ: ಅನ್ಯಾಯ ರೂಪ ಬದಲಿಸಿ ಉಳಿಯಿತು, ತಿಳಿವಳಿಕೆ ಹೋಯಿತು.

1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಎದ್ದು ಹಲಸೂರಿನ ಪಕ್ಕಕ್ಕೆ ಬಂತು. ಮಲೇರಿಯಾದಿಂದ ತಪ್ಪಿಸಿಕೊಳ್ಳಲು ಬಂದ ದಂಡಿಗೆ ಎತ್ತರದ ತಂಪು ನೆಲ ಬೇಕಿತ್ತು. ಕೆಂಪೇಗೌಡರ ವಂಶದವರ ಕಾಲದ್ದೆಂದು ಹೇಳುವ ಹಲಸೂರು ಕೆರೆ, ಅದರ ಹತ್ತಿರದ ದಿಣ್ಣೆ, ಸುತ್ತ ಬಾವಿಗಳು ಎಲ್ಲ ಸಿದ್ಧವಾಗಿದ್ದವು. ಸೋಮೇಶ್ವರ ಗುಡಿಯ ಊರಿನ ಪಕ್ಕದಲ್ಲೇ ಪರೇಡ್ ಮೈದಾನ, ಬಂಗಲೆ, ಬ್ಲ್ಯಾಕ್‌ಪಳ್ಳಿ ಎಂದು ಕರೆಸಿಕೊಂಡ ಇಂದಿನ ಶಿವಾಜಿನಗರದ ಪೇಟೆ ಬೆಳೆದವು. ಆಗ ನೀರಿನ ಬಳಕೆ ತಲೆಕೆಳಗಾಯಿತು. ಕೆರೆ ಗದ್ದೆಗೆಂದು ಕಟ್ಟಿದ್ದು; ಈಗ ಅದರ ಮೇಲ್ಭಾಗದಲ್ಲಿ ಸಾವಿರಾರು ಜನ ಕುಡಿಯಲು, ತೊಳೆಯಲು, ಕುದುರೆಗಳ ಲಾಯಕ್ಕೆ ನೀರು ಕೇಳತೊಡಗಿದರು. ಅವರ ಕೊಳೆ ಇಳಿದದ್ದೂ ಅದೇ ಕೆರೆಗೆ. ಗದ್ದೆಯ ಲೆಕ್ಕ ಮಾಗಿಯಲ್ಲಿ ಒಮ್ಮೆ ಕೂತು ಆಗುವಂಥದ್ದು. ಕೊಡದ ಲೆಕ್ಕ ದಿನದಿನದ್ದು. ದಂಡಿನ ಎಂಜಿನಿಯರುಗಳು ಕಂಡುಕೊಂಡ ಉತ್ತರ ಇನ್ನಷ್ಟು ನೀರು ಕೂಡಿಡುವುದು: ಇಂದಿನ ದಂಡು ರೈಲು ನಿಲ್ದಾಣದ ಹತ್ತಿರ ಮಿಲ್ಲರ್ಸ್ ಕೆರೆಗಳು, 1882ರಲ್ಲಿ ಸ್ಯಾಂಕಿ ಕೆರೆ. ರಿಚರ್ಡ್ ಸ್ಯಾಂಕಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಈ ರಾಜ್ಯದ ಕೆರೆಗಳನ್ನು ಚೆನ್ನಾಗಿ ಬಲ್ಲವನು. ಮೈಸೂರಿನ ನೆಲದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ಜಾಲಕ್ಕೆ ಸೇರಿಹೋಗಿದೆ ಎಂದು 1866ರ ಸುಮಾರಿಗೆ ಬರೆದವನು ಅವನೇ. ಒಂದು ಕಣಿವೆಯ ಕೆರೆಗಳು ಒಂದಕ್ಕೊಂದು ಪೋಣಿಸಿದ ಸಾಲು, ಮೇಲಿನದನ್ನು ಮುಟ್ಟಿದರೆ ಕೆಳಗಿನದು ಮಿಡುಕುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಆ ತಿಳಿವಳಿಕೆ ರೈತಾಪಿ ಮೈಸೂರಿನ ಕಡತಗಳಲ್ಲಿ ಉಳಿಯಿತು; ದಂಡಿನ ನೀರಿನ ಲೆಕ್ಕ ಬೇರೆಯಾಗಿ ನಡೆಯಿತು. 1881ರಲ್ಲಿ ಮೈಸೂರು ಅರಸರ ಕೈಗೆ ಮರಳಿದಾಗ ದಂಡು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಬಳಿಯೇ ಉಳಿಯಿತು. ಹಲಸೂರು ಕೆರೆ ಒಂದು ಸರ್ಕಾರದ್ದು, ಅದರ ಕೋಡಿ ನೀರು ಹೋಗಿ ಸೇರುವ ಬೆಳ್ಳಂದೂರು ಮತ್ತೊಂದು ಸರ್ಕಾರದ್ದು. 1947ರಲ್ಲಿ ದಂಡು ಮೈಸೂರಿಗೆ ಬಂದು, 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಸಭೆಯಾಗುವ ತನಕ, ಒಂದೇ ಕಣಿವೆಗೆ ಎರಡು ಲೆಕ್ಕಪುಸ್ತಕ.

ಎರಡನೆಯ ಬಿರುಕು 1894ರದ್ದು. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತ್ತು. ಕೆರೆಗಳು ಬತ್ತಿದರೆ ಏನಾಗುತ್ತದೆ ಎಂಬುದು ಊಹೆಯ ಮಾತಾಗಿ ಉಳಿದಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಜಲಾಶಯದಿಂದ ಪೇಟೆಗೂ ದಂಡಿಗೂ ಕೊಳವೆಯಲ್ಲಿ ನೀರು ಬಂತು. ಇದನ್ನು ತಪ್ಪು ಎನ್ನಲಾಗದು. ಕೊಳೆತ ಬಾವಿಯ ನೀರು ಕುಡಿದು ಕಾಲರಾದಲ್ಲಿ ಸಾಯುತ್ತಿದ್ದ ಜನಕ್ಕೆ ಶುದ್ಧವಾದ ಕೊಳವೆ ನೀರು ದೊಡ್ಡ ವರವೇ. ಆದರೆ ಅಂದಿನಿಂದ ಬೆಂಗಳೂರಿನ ಪೂರ್ವದ ಜನ ಕುಡಿಯುವ ನೀರು ಪಶ್ಚಿಮದ ಕಣಿವೆಯದಾಯಿತು. ಹೆಸರಘಟ್ಟ 1920ರ ದಶಕದಲ್ಲಿ ಕೈಕೊಟ್ಟಾಗ ಉತ್ತರ ಮತ್ತೆ ಅದೇ ದಿಕ್ಕಿನಲ್ಲಿ, ಇನ್ನೂ ದೂರದಲ್ಲಿ ಸಿಕ್ಕಿತು: 1933ರ ತಿಪ್ಪಗೊಂಡನಹಳ್ಳಿ ಜಲಾಶಯ. 1974ರಲ್ಲಿ ಕಾವೇರಿಯ ಮೊದಲ ಹಂತ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐದುನೂರು ಮೀಟರ್ ಮೇಲಕ್ಕೆ. ಪ್ರತಿ ಸಲವೂ ಕೇಳಿದ ಪ್ರಶ್ನೆ ಎಲ್ಲಿಂದ ತರೋಣ ಎಂಬುದು. ಇಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಉತ್ತರ ಬೇಕಾದ ಕಚೇರಿಯೇ ಉಳಿಯಲಿಲ್ಲ. ಬೇಡದ ಉತ್ತರವನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಕೆರೆಗಳ ಅಂಗಳ ಬೇರೆ ಕೆಲಸಕ್ಕೆ ಬಿದ್ದದ್ದು ಇದರ ಫಲ. ಮಿಲ್ಲರ್ಸ್ ಕೆರೆಯ ಅಂಗಳದಲ್ಲಿ ಭವನಗಳು, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಕ್ರೀಡಾಂಗಣ, ದೊಮ್ಮಲೂರು ಕೆರೆಯಲ್ಲಿ ಬಡಾವಣೆ, ಚಲ್ಲಘಟ್ಟದಲ್ಲಿ ಗಾಲ್ಫ್ ಮೈದಾನ. ಇಂದಿರಾನಗರದ ಪಕ್ಕದ ಕೋಡಿಹಳ್ಳಿಯ ಹೆಸರಿನಲ್ಲಿ ಕೋಡಿ ಉಳಿದಿದೆ, ನೆಲದ ಮೇಲೆ ಅದನ್ನು ಹುಡುಕಬೇಕು.

ಮಳೆಯನ್ನು ಮಾತ್ರ ಬೆಂಗಳೂರು ಶ್ರದ್ಧೆಯಿಂದ ಅಳೆದಿದೆ. 1890ರ ದಶಕದ ಆರಂಭದಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಹವಾಮಾನ ವೀಕ್ಷಣಾಲಯ ಶುರುವಾಯಿತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ದೈನಂದಿನ ಅಂಕಿಗಳು ವರ್ಷವರ್ಷವೂ ಅಚ್ಚಾದವು. ಮೇಲಿನಿಂದ ಬಿದ್ದದ್ದಕ್ಕೆ ನೂರಮೂವತ್ತು ವರ್ಷಗಳ ಎಡೆಬಿಡದ ಲೆಕ್ಕವಿದೆ. ಕೆಳಕ್ಕೆ ಇಳಿದದ್ದರ ಕ್ರಮಬದ್ಧ ಲೆಕ್ಕ ದೇಶಕ್ಕೇ ತಡವಾಗಿ ಬಂತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಚಿಲ್‌ಗ್ರೋವ್ ಎಂಬಲ್ಲಿ ಒಂದು ಬಾವಿಯ ನೀರಿನ ಮಟ್ಟವನ್ನು 1836ರಿಂದ ಬರೆದಿಡುತ್ತ ಬಂದಿದ್ದಾರೆ. ಆಗ ನಮ್ಮ ದಂಡಿಗೆ ಇಪ್ಪತ್ತೇಳು ವರ್ಷ. ಭಾರತ ಸರ್ಕಾರದ ವೀಕ್ಷಣಾ ಬಾವಿಗಳ ಜಾಲ 1969ರಲ್ಲಿ 410 ಬಾವಿಗಳಿಂದ ಮೊದಲಾಯಿತು. ಮರುವರ್ಷ ಕೇಂದ್ರ ಅಂತರ್ಜಲ ಮಂಡಳಿ ಹುಟ್ಟಿತು. ನಡುವಿನ ಅಂತರ 133 ವರ್ಷ. ಇಂಗ್ಲಿಷರಿಗೆ ತಮ್ಮ ನೆಲದ ಬಾವಿಯ ಬಗ್ಗೆ ಇದ್ದ ಆಸ್ಥೆ ಇಲ್ಲಿನ ಬಾವಿಯ ಬಗ್ಗೆ ಇರಲಿಲ್ಲ ಎಂದು ಬೈದು ಮುಗಿಸುವುದು ಸುಲಭ. ಆದರೆ ಆ ಅವಧಿಯಲ್ಲೂ ನೀರಿನ ಬಗ್ಗೆ ಅಧಿಕಾರಕ್ಕೆ ಕಾಳಜಿಯಿತ್ತು. ಅದು ಹಕ್ಕಿನ ಕಾಳಜಿ. 1892ರ ಮದ್ರಾಸ್–ಮೈಸೂರು ಒಪ್ಪಂದವನ್ನು ನಾವು ಕಾವೇರಿಯ ಹೆಸರಿನಲ್ಲಿ ಮಾತ್ರ ನೆನೆಯುತ್ತೇವೆ. ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕಟ್ಟಡ ಕಟ್ಟಬಾರದೆಂದು ಅದು ಪಟ್ಟಿಮಾಡಿದ ನದಿಗಳಲ್ಲಿ ಹಲಸೂರಿನ ನೀರು ಹೋಗಿ ಸೇರುವ ದಕ್ಷಿಣ ಪಿನಾಕಿನಿಯೂ ಇದೆ. ಅಂದರೆ ಈ ನೀರು ಯಾರಿಗೆ ಸೇರಬೇಕೆಂಬ ಜಗಳಕ್ಕೆ ಕಾಗದ ಹುಟ್ಟಿದ ಎಷ್ಟೋ ಕಾಲದ ಮೇಲೆ ಈ ನೀರು ಎಷ್ಟಿದೆ ಎಂಬುದಕ್ಕೆ ಕಾಗದ ಹುಟ್ಟಿತು.

ಈಗ ಅಳತೆಗೆ ಬಡತನವಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ, ಬೇಸಿಗೆಯಲ್ಲಿ, ಆಗಸ್ಟಿನಲ್ಲಿ, ನವೆಂಬರಿನಲ್ಲಿ, ಜನವರಿಯಲ್ಲಿ ಬಾವಿಗಳನ್ನು ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ ತಿಂಗಳಿಗೊಮ್ಮೆ ಅಳೆಯುತ್ತದೆ. ಸ್ವಯಂಚಾಲಿತ ಮಾಪಕಗಳು ಕೊಳವೆಬಾವಿಯೊಳಗೆ ಕೂತು ತಾವೇ ಅಂಕಿ ಕಳಿಸುತ್ತವೆ. ಕಂಬ ನೋಡಿ ಅಂದಾಜು ಮಾಡುತ್ತಿದ್ದ ನೀರುಗಂಟಿಗಿಂತ ಇವು ನೂರು ಪಾಲು ನಿಖರ, ಇನ್ನು ಹಳೆಯದನ್ನು ನೆನೆದು ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಅಂಕಿ ನಿಖರವಾಗಿದೆ, ಒಪ್ಪುತ್ತೇನೆ. ಅದರ ಅರ್ಥ ಮಸುಕಾಗಿದೆ. ಬೆಳ್ಳಂದೂರಿಗೆ ಇಳಿಯುವ ಯಾವುದೇ ರಾಜಕಾಲುವೆಯನ್ನು ಜನವರಿಯಲ್ಲಿ ನೋಡಿದರೆ ಅದು ತುಂಬಿ ಹರಿಯುತ್ತಿರುತ್ತದೆ. ಹಳೆಯ ಲೆಕ್ಕದಲ್ಲಿ ಮಾಗಿಯ ಇಂಥ ಹರಿವು ನೆಲ ಸಮೃದ್ಧವಾಗಿದೆ ಎಂಬುದರ ಗುರುತು. ಇಂದು ಅದು ನೆಲದ ನೀರೇ ಅಲ್ಲ. ನೂರು ಕಿಲೋಮೀಟರ್ ಆಚೆಯಿಂದ ಬಂದು ಮನೆಗಳ ಬಚ್ಚಲು ದಾಟಿದ ಕಾವೇರಿ. ಮಳೆ ಬಂದರೂ ಬಾರದಿದ್ದರೂ ಅದು ಹರಿಯುತ್ತದೆ. ಹೀಗೆ ಹಳ್ಳದ ಮಾಗಿಯ ಹರಿವು ಎಂಬ ಸಾಕ್ಷಿಯೇ ಬಾಯಿ ಕಟ್ಟಿಸಿಕೊಂಡಿದೆ. ಅಮೆರಿಕೆಯವರು 1889ರಲ್ಲಿ ನ್ಯೂ ಮೆಕ್ಸಿಕೋದ ಎಂಬುಡೋ ಎಂಬಲ್ಲಿ ತಮ್ಮ ಮೊದಲ ಹೊಳೆ ಮಾಪನ ಕೇಂದ್ರ ಹೂಡಿದಾಗ ಒಣನೆಲದಲ್ಲಿ ಬೇಸಾಯಕ್ಕೆ ಎಷ್ಟು ನೀರು ಸಿಗುತ್ತದೆ ಎಂದು ತಿಳಿಯುವ ಉದ್ದೇಶವಿತ್ತು. ಅಂಥದ್ದೇ ಮಾಪಕವನ್ನು ಇಂದು ಚಲ್ಲಘಟ್ಟದ ಕಾಲುವೆಗೆ ಇಟ್ಟರೆ ಅದು ಹಲಸೂರು, ಇಂದಿರಾನಗರಗಳ ಮನೆಗಳು ಬೆಳಗಿನ ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತವೆ ಎಂಬುದನ್ನು ತೋರಿಸಬಹುದು.

ಬಾವಿಯ ಸಾಕ್ಷಿಯೂ ಇದೇ ಬಗೆಯಲ್ಲಿ ಗೋಜಲಾಗಿದೆ, ಆದರೆ ಇನ್ನೂ ಕುತೂಹಲಕರವಾಗಿ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು ನಗರದ ನೂರೈವತ್ತಕ್ಕೂ ಹೆಚ್ಚು ಬಾವಿಗಳನ್ನು ನೋಡುತ್ತ ಬಂದು 2018ರಲ್ಲಿ ಪ್ರಕಟಿಸಿದ ಅಧ್ಯಯನ ಸಾಮಾನ್ಯ ತಿಳಿವಳಿಕೆಯನ್ನು ಬುಡಮೇಲು ಮಾಡುತ್ತದೆ. ಕಾಂಕ್ರೀಟ್ ಹೊದ್ದ ಹಳೆಯ ನಗರದ ನಡುಭಾಗದಲ್ಲಿ ನೀರು ಪಾತಾಳಕ್ಕೆ ಹೋಗಿರಬೇಕು, ಹೊರವಲಯದಲ್ಲಿ ಮೇಲಿರಬೇಕು ಎಂದು ನಾವು ಎಣಿಸುತ್ತೇವೆ. ಇರುವುದು ಅದರ ತಿರುವುಮುರುವು. ನಡುಭಾಗದಲ್ಲಿ ಹಳೆಯ ಕೊಳವೆಗಳು ಸೋರಿ ನೆಲವನ್ನು ನೆನೆಸುತ್ತವೆ, ಕಾವೇರಿ ಸಿಗುವುದರಿಂದ ಕೊಳವೆಬಾವಿಯಿಂದ ಎಳೆಯುವುದೂ ಕಡಿಮೆ. ನೀರು ಹತ್ತಿರದಲ್ಲೇ ಇದೆ. ಕೊಳವೆ ತಲುಪದ ಹೊರವಲಯದಲ್ಲಿ ಬದುಕು ನಿಂತಿರುವುದೇ ಕೊಳವೆಬಾವಿಯ ಮೇಲೆ. ಅಲ್ಲಿ ನೀರು ಆಳಕ್ಕೆ ಹೋಗಿದೆ. ನಮ್ಮ ಸೀಮೆಗೆ ಇದನ್ನು ಹಚ್ಚಿ ನೋಡಿದರೆ ಒಂದೇ ಇಳಿಜಾರಿನ ಎರಡು ತುದಿಗಳಿಗೆ ಎರಡು ಬಾಳು. ಹಲಸೂರಿನಲ್ಲಿ ಸೋಮೇಶ್ವರ ಗುಡಿಯ ಎದುರಿನ ಕಲ್ಯಾಣಿ ಮಣ್ಣಿನಡಿ ಹೂತುಹೋಗಿದ್ದು, ಅದನ್ನು ಅಗೆದು ಹೊರತೆಗೆದಾಗ ತಳದಿಂದ ನೀರು ಮೇಲೆದ್ದಿತು. ಅದೇ ಇಳಿಜಾರಿನಲ್ಲಿ ಪೂರ್ವಕ್ಕೆ ಹೋದರೆ ಕೆ.ಆರ್. ಪುರ, ಮಹದೇವಪುರ, ಹೂಡಿಗಳ ಕಡೆ ಬಂಡೆಯ ಬಿರುಕಿನ ನೀರಿಗಾಗಿ ಸಾವಿರ ಅಡಿ ದಾಟಿ ಕೊರೆಯುತ್ತಾರೆ. ಪಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಒಂದಕ್ಕೆ ಬಿರುಕು ಸಿಕ್ಕಿ ಇನ್ನೊಂದಕ್ಕೆ ಸಿಗದೆ, ಒಂದರ ಅಂಕಿ ಮತ್ತೊಂದಕ್ಕೆ ಸಂಬಂಧವೇ ಇಲ್ಲದಂತಿರುತ್ತದೆ. ಬೆಂಗಳೂರು ಪೂರ್ವ ತಾಲ್ಲೂಕು ಅತಿಬಳಕೆಯ ತಾಲ್ಲೂಕು ಎಂದು ಸರ್ಕಾರಿ ಪಟ್ಟಿ ಹೇಳುತ್ತದೆ. ಮಾತು ನಿಜ. ಆದರೆ ಸೋರುವ ಕೊಳವೆಯಿಂದ ತುಂಬಿದ ಬಾವಿಯನ್ನೂ ಬತ್ತಿದ ಬಾವಿಯನ್ನೂ ಕೂಡಿಸಿ ಸರಾಸರಿ ತೆಗೆದ ಅಂಕಿ ಯಾವ ತೂಬನ್ನು ತೆರೆಯಬೇಕೆಂದು ಹೇಳಲಾರದು.

ನಡುಭಾಗದಲ್ಲಿ ನೀರು ಮೇಲಿದ್ದರೆ ಒಳ್ಳೆಯದೇ ಅಲ್ಲವೇ, ಸೋರಿಕೆ ವ್ಯರ್ಥವಾಗದೆ ನೆಲ ಸೇರಿತಲ್ಲ ಎಂದು ವಾದಿಸುವವರಿದ್ದಾರೆ. ಅರ್ಧ ಸರಿ. ಹಾಗೆ ಸೇರುವುದು ಕುಡಿಯುವ ನೀರು ಮಾತ್ರವಲ್ಲ, ಒಳಚರಂಡಿಯ ನೀರೂ ಹೌದು. ನಗರದ ಬಾವಿಗಳಲ್ಲಿ ನೈಟ್ರೇಟ್ ಮಿತಿ ಮೀರಿರುವುದು ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಮಟ್ಟದ ಜೊತೆಗೆ ಗುಣವನ್ನೂ ಬರೆಯದಿದ್ದರೆ ಈ ಬಾವಿಯ ಏರಿಕೆ ಮಳೆಯದೋ ಮೋರಿಯದೋ ತಿಳಿಯದು. ನೀರುಗಂಟಿಗೆ ಆ ತೊಡಕಿರಲಿಲ್ಲ. ಅವನ ಕಾಲದಲ್ಲಿ ನೀರಿಗೆ ಒಂದೇ ತವರು.

ಅಳತೆಗೂ ತೀರ್ಮಾನಕ್ಕೂ ನಂಟು ಕಡಿದಿದೆ ಎಂಬ ನನ್ನ ಮಾತಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 2024ರ ಬೇಸಿಗೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. 2023ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದೆ ಅದು 236ರಲ್ಲಿ 223ಕ್ಕೆ ಏರಿತು. ಮಾಗಿ ಕಾಲಿಡುವ ಹೊತ್ತಿಗೆ ನೆಲ ತುಂಬಿಲ್ಲ ಎಂಬುದು ಗುಟ್ಟಾಗಿ ಉಳಿದಿರಲಿಲ್ಲ. ನವೆಂಬರಿನ, ಜನವರಿಯ ಸುತ್ತುಗಳು ಇರುವುದೇ ಅದನ್ನು ಎಣಿಸಲು. ನಾಲ್ಕು ತಿಂಗಳು ಕೈಯಲ್ಲಿದ್ದವು. ಟ್ಯಾಂಕರುಗಳ ನೋಂದಣಿ, ದರ ನಿಗದಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಇವೆಲ್ಲ ಬಂದದ್ದು 2024ರ ಮಾರ್ಚ್ ತಿಂಗಳಲ್ಲಿ. ಆ ವೇಳೆಗೆ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಎಲ್ಲಕ್ಕಿಂತ ಹೆಚ್ಚು ಬವಣೆಪಟ್ಟದ್ದು ಮಹದೇವಪುರ, ಕೆ.ಆರ್. ಪುರದ ಕಡೆಯ, ನಗರಕ್ಕೆ ಹೊಸದಾಗಿ ಸೇರಿದ ಹಳ್ಳಿಗಳು. ಕೊಡ ಹಿಡಿದು ಟ್ಯಾಂಕರಿಗೆ ಕಾದ ಹೆಂಗಸರು, ಕೂಲಿ ಬಿಟ್ಟು ಸಾಲಿನಲ್ಲಿ ನಿಂತ ಜನ. ಮಾರ್ಗಶಿರದಲ್ಲಿ ಕೆರೆ ಅರ್ಧವಿದ್ದರೆ ವೈಶಾಖದ ಗದ್ದೆಯನ್ನು ಅರ್ಧಕ್ಕೆ ಇಳಿಸುತ್ತಿದ್ದ ಊರುಗಳು ಇವೇ. ಈಗ ಮಾಪಕ ಮಾರ್ಗಶಿರದಲ್ಲೇ ಅಂಕಿ ಕಳಿಸುತ್ತದೆ, ಆ ಅಂಕಿ ಬಂದ ದಿನ ಯಾವ ತೂಬನ್ನೂ ಯಾರೂ ಮುಚ್ಚಬೇಕೆಂಬ ಕಟ್ಟಳೆಯಿಲ್ಲ. 2011ರ ಅಂತರ್ಜಲ ಕಾಯ್ದೆ ಕೊರೆಯಲು ಅನುಮತಿ ಬೇಕೆನ್ನುತ್ತದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡುತ್ತದೆ. ಎರಡೂ ಒಳ್ಳೆಯವೇ. ಆದರೆ ಈ ವರ್ಷ ಈ ಕಣಿವೆಯಲ್ಲಿ ಮಟ್ಟ ಇಷ್ಟಿದೆ, ಆದ್ದರಿಂದ ಇಷ್ಟೇ ಎಳೆಯಬೇಕು ಎಂದು ಮಾಗಿಯ ಅಂಕಿಗೆ ಹೊಂದಿಸಿದ ನಿಯಮ ಈ ಎರಡರಲ್ಲೂ ನೆಲೆಯೂರಲಿಲ್ಲ.

2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಅದೂ ಮುಖ್ಯವಾಗಿ ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೇ. ಇನ್ನು ನೆಲದ ನೀರಿನ ಚಿಂತೆ ಬಿಡಬಹುದು ಎಂದು ನಿಟ್ಟುಸಿರು ಬಿಟ್ಟವರು ಅನೇಕರು. ಅವರ ದಣಿವು ನನಗೆ ಅರ್ಥವಾಗುತ್ತದೆ. ಆದರೆ 1894ರಲ್ಲೂ, 1933ರಲ್ಲೂ, 1974ರಲ್ಲೂ ಹೀಗೇ ಅಂದುಕೊಂಡಿದ್ದೆವು. ಬಂದ ನೀರು ಮಾಯವಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅಷ್ಟೂ ಲೀಟರುಗಳಲ್ಲಿ ಹೆಚ್ಚಿನ ಪಾಲು ಬಚ್ಚಲು ದಾಟಿ ಇದೇ ರಾಜಕಾಲುವೆಗಳಿಗೆ, ಇದೇ ಕೆರೆಗಳಿಗೆ, ಸೋರಿಕೆಯಾಗಿ ಇದೇ ಬಾವಿಗಳಿಗೆ ಬರುತ್ತದೆ. ನೀರು ಹೊರಗಿನಿಂದ ಹೆಚ್ಚು ಬಂದಷ್ಟೂ ಒಳಗಿನ ಲೆಕ್ಕ ಹೆಚ್ಚು ಬೇಕು, ಇಲ್ಲವಾದರೆ ತುಂಬಿದ ಬಾವಿಯನ್ನು ನೋಡಿ ನೆಲ ಚೇತರಿಸಿಕೊಂಡಿತೆಂದು ಭ್ರಮಿಸಿ ಮತ್ತೆ ಮೋಸಹೋಗುತ್ತೇವೆ. ಮಾಗಿಯಲ್ಲಿ ಮಟ್ಟದ ಜೊತೆ ನೈಟ್ರೇಟನ್ನೂ ಲವಣಾಂಶವನ್ನೂ ಅಳೆಯುವುದು ಕಷ್ಟದ ಕೆಲಸವಲ್ಲ. ಕೊಳಚೆನೀರಿನ ಸಂಸ್ಕರಣಾ ಘಟಕ ದಿನಕ್ಕೆ ಎಷ್ಟು ನೀರು ಬಿಡುತ್ತದೆ ಎಂಬುದು ಗೊತ್ತಿರುವುದರಿಂದ ಅದನ್ನು ಕಳೆದು ಹಳ್ಳದ ಸ್ವಂತ ಹರಿವನ್ನು ಅಂದಾಜು ಮಾಡಬಹುದು. ಬಾವಿ ತೋಡುವ ಕುಲಕಸುಬಿನ ಮಣ್ಣು ವಡ್ಡರು ಸರ್ಜಾಪುರದ ಕಡೆ ಇನ್ನೂ ಇದ್ದಾರೆ. ಯಾವ ಬಡಾವಣೆಯಲ್ಲಿ ಎಷ್ಟು ಅಡಿಗೆ ಜಲ ಸಿಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಆ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡರೆ ಮಾಪಕವಿಲ್ಲದ ಜಾಗಗಳ ನಕ್ಷೆ ತುಂಬುತ್ತದೆ.

ಇಷ್ಟರಲ್ಲೇ ಈ ನೀರಿನ ದಾರಿ ಇನ್ನೂ ಉದ್ದವಾಗಿದೆ. ಮಳೆಗಾಲದಲ್ಲಿ ದಕ್ಷಿಣ ಪಿನಾಕಿನಿ ಉಕ್ಕಿದಾಗ ಹೊಸೂರಿನ ಹತ್ತಿರದ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯ ಗುಡ್ಡ ಏಳುತ್ತದೆ. ಅಲ್ಲಿನ ಜನರಿಗೆ ಬೆಂಗಳೂರಿನ ಪೂರ್ವಭಾಗ ಗೊತ್ತಿರುವುದು ಆ ನೊರೆಯಿಂದ. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಪಂಪಿನ ಮೂಲಕ ಏರಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಲಕ್ಷ್ಮೀಸಾಗರದ ಕೆರೆ ಮೊದಲು ತುಂಬಿತು. ದಶಕಗಳಿಂದ ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿತು, ಜೊತೆಗೆ ಅದರ ಗುಣದ ಬಗ್ಗೆ ತಕರಾರೂ ಎದ್ದಿತು. ಜನವರಿಯ ಬೆಳಗಿನಲ್ಲಿ ಕೋಲಾರದ ರೈತನೊಬ್ಬ ತನ್ನ ಬಾವಿಗೆ ಇಣುಕಿ ನೀರು ಎರಡು ಆಳು ಮೇಲೆ ಬಂದಿದೆ ಎಂದುಕೊಂಡರೆ ಆ ನೀರಿನಲ್ಲಿ ತೊರೆಕಾಡನಹಳ್ಳಿಯೂ ಇದೆ, ಹಲಸೂರಿನ ಬಚ್ಚಲೂ ಇದೆ, ಇಂದಿರಾನಗರದ ಮೇಲೆ ಬಿದ್ದ ಹಸ್ತ ಚಿತ್ತದ ಮಳೆಯೂ ಇದೆ. ಆ ಬಾವಿಯ ಅಂಕಿ ಕೋಲಾರ ಜಿಲ್ಲೆಯ ಪುಸ್ತಕಕ್ಕೆ ಹೋಗುತ್ತದೆ, ಹಲಸೂರಿನ ಬಾವಿಯದು ಬೆಂಗಳೂರು ನಗರ ಜಿಲ್ಲೆಯದಕ್ಕೆ, ಕೆಲವರಪಳ್ಳಿಯದು ಕೃಷ್ಣಗಿರಿಗೆ.